ಹಲಗೆ ಯಾರ ಹಿನ್ನೆಲೆ?

ಕಿರುಚಿತ್ರಕ್ಕೆ ಸಂಗೀತ ಕೂಡಿಸುವುದು ಬರೀ ಕಸುಬಿನ ಮಾತು, ಅದರಲ್ಲಿ ಜಾತಿ ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಕೇರಿಯ ಬದುಕಿನ ಮೇಲೆ ಹತ್ತು ನಿಮಿಷದ ಚಿತ್ರ ಬಂದರೆ ಸಾಕು, ದುಃಖಕ್ಕೆ ಕೊಳಲು, ಸಿಟ್ಟಿಗೆ ಹಲಗೆ. ನೋಡುವವರು ಎಲ್ಲಿ ಮರುಗಬೇಕು, ಎಲ್ಲಿ ಬೆಚ್ಚಬೇಕು ಅನ್ನೋದನ್ನ ಸಂಗೀತವೇ ಹೇಳಿಕೊಡುತ್ತದೆ. ನಮ್ಮವರಿಗೆ ಇವೆರಡೇ ಭಾವ ಎಂದು ತೀರ್ಮಾನಿಸಿದವರು ಯಾರು? ನಗೆ, ಚೇಷ್ಟೆ, ಪ್ರೀತಿ, ಸುಮ್ಮನೆ ಕೂತ ಮಧ್ಯಾಹ್ನ, ಇವಕ್ಕೆ ದನಿ ಬೇಡವೆ?

'ಚೋಮನ ದುಡಿ' ಕಿರುಚಿತ್ರವಲ್ಲ, ಆದರೂ ಇಲ್ಲಿ ನೆನೆಯಬೇಕು. ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು ೧೯೭೫ರಲ್ಲಿ ಚಿತ್ರ ಮಾಡಿದರು, ಸಂಗೀತವೂ ಅವರದೇ. ಅಲ್ಲಿ ವಾದ್ಯ ಮೊದಲು ಇರುವುದು ಚೋಮನ ಕೈಯಲ್ಲಿ. ಸ್ವಂತ ಬೇಸಾಯದ ಆಸೆಯನ್ನೂ ಒಡೆಯನ ಮುಂದೆ ನುಂಗಿಕೊಂಡವನು ಅದನ್ನು ದುಡಿಯಲ್ಲಿ ಹೇಳುತ್ತಾನೆ. ಸದ್ದು ಕಥೆಯ ಒಳಗಿನಿಂದ ಹುಟ್ಟುತ್ತದೆ, ಇದು ಆ ಚಿತ್ರದ ಬಲ. ಆದರೆ ಆ ದುಡಿ ಕೊನೆಗೆ ಹೋಗಿ ಮುಟ್ಟುವುದು ಚೋಮನ ಸಾವನ್ನು. ಹೊರಗಿನವರ ಕರುಣೆಗೆ ಅಲ್ಲಿಂದ ಮುಂದೆ ದಾರಿ ಕಾಣಲಿಲ್ಲ. ಇವತ್ತು ಕ್ಯಾಮೆರಾ ಹಿಡಿದಿರುವ ನಮ್ಮ ಹುಡುಗ ಹುಡುಗಿಯರು ಶುರು ಮಾಡಬೇಕಾದ್ದು ಅಲ್ಲಿಂದಲೇ.

ಕಸುಬಿನ ಮಾತಿಗೇ ಬರೋಣ. ಸಿನಿಮಾ ಓಡುವುದು ಸೆಕೆಂಡಿಗೆ ೨೪ ಚೌಕಟ್ಟಿನಲ್ಲಿ. ನಿಮಿಷಕ್ಕೆ ೧೨೦ ಪೆಟ್ಟಿನ ಲಯವಿಟ್ಟರೆ ಒಂದೊಂದು ಪೆಟ್ಟಿಗೆ ೧೨ ಚೌಕಟ್ಟು. ಲೆಕ್ಕ ಸಲೀಸು. ಕಂಪ್ಯೂಟರಿನಲ್ಲಿ ಮೊದಲೇ ತುಂಬಿಟ್ಟ ಹಲಗೆಯ ಸದ್ದು ಈ ಲೆಕ್ಕಕ್ಕೆ ತಕರಾರಿಲ್ಲದೆ ಕೂರುತ್ತದೆ. ನಿಜವಾದ ಹಲಗೆ ಹಾಗಲ್ಲ. ಥಂಡಿಗೆ ಚರ್ಮ ಸಡಿಲಾಗುತ್ತದೆ, ಬೆಂಕಿಗೆ ಹಿಡಿದರೆ ಬಿಗಿದು ದನಿ ಏರುತ್ತದೆ. ಬಾರಿಸುವವನು ಕುಣಿಯುವವರ ಕಾಲು ನೋಡಿಕೊಂಡು ಲಯ ಏರಿಸುತ್ತಾನೆ. ಅವನಿಗೆ ಮೊದಲು ಚಿತ್ರ ತೋರಿಸಿ, ಅವನು ಬಾರಿಸಿದ ಮೇಲೆ ಅದಕ್ಕೆ ತಕ್ಕಂತೆ ದೃಶ್ಯ ಕತ್ತರಿಸಿದರೆ ಏನು ಕಳಕೊಳ್ಳುತ್ತೀವಿ? ಸ್ವಂತ ಸಂಗೀತ ಅನ್ನುವ ಮಾತಿಗೆ ಆಗಷ್ಟೇ ಅರ್ಥ. ಇಲ್ಲದಿದ್ದರೆ ಕೇರಿಯ ದುಡಿಮೆ ಮತ್ತೆ ಬಿಟ್ಟಿಯಾಗುತ್ತದೆ, ಸಂಗೀತ ನಿರ್ದೇಶಕನ ಹೆಸರು ಮಾತ್ರ ತೆರೆಯ ಮೇಲೆ ಬರುತ್ತದೆ.

ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂತು. ಸರ್ಕಾರಕ್ಕೇ ಹೆಸರು ಹಿಡಿದು ಕರೆಯಲು ಬಂದ ಮೇಲೆ, ಕಿರುಚಿತ್ರದ ಕೊನೆಯಲ್ಲಿ ಬಾರಿಸಿದವನ ಹೆಸರೊಂದು ಸಾಲು ಹಾಕೋದು, ಕೈಗೆ ನ್ಯಾಯವಾದ ಕೂಲಿ ಕೊಡೋದು ಕಷ್ಟವೆ?

ಇನ್ನೊಂದು ಮಾತು. ಊರಿನ ಸಾವಿಗೆ, ಜಾತ್ರೆಗೆ ಹಲಗೆ ಬಡಿಯೋದು ನಮ್ಮವರ ಕಲೆಯಾಗುವ ಮೊದಲು ತಲೆಗೆ ಕಟ್ಟಿದ ಚಾಕರಿಯಾಗಿತ್ತು. ಅದನ್ನೇ ಹೋರಾಟದ ದನಿ ಮಾಡಿಕೊಂಡವರಿದ್ದಾರೆ. ಇನ್ನು ಬಡಿಯೋದಿಲ್ಲ ಎಂದು ಕೆಳಗಿಟ್ಟವರೂ ಇದ್ದಾರೆ. ಇಬ್ಬರದೂ ಸ್ವಾಭಿಮಾನವೇ. ಕೆಳಗಿಟ್ಟವರ ಮನೆಯ ಕಥೆಗೆ ಹಿಂದಿನಿಂದ ಹಲಗೆ ಬಾರಿಸಿದರೆ, ಅವರು ಬಿಟ್ಟದ್ದನ್ನು ಮತ್ತೆ ಕೈಗೆ ತುರುಕಿದಂತೆ. ಅಂಥ ಕಡೆ ಸಂಗೀತ ಮಾಡುವವರು ಮಾಡಬಹುದಾದ ದೊಡ್ಡ ಕೆಲಸ, ಸುಮ್ಮನಿರೋದು.