ವಿದಾಯ ಮತ್ತು ಪತ್ರ: ಹ್ಯುಯೆನ್ ತ್ಸಾಂಗನ ಚರಿತೆಯ ಒಂದು ಓದು

ನಾಲಂದೆಯಿಂದ ಸ್ವದೇಶಕ್ಕೆ ಹೊರಟ ಹ್ಯುಯೆನ್ ತ್ಸಾಂಗನ ವಿದಾಯವನ್ನು, ಹ್ವೀಲೀ ಆರಂಭಿಸಿ ಯೆನ್‌ತ್ಸುಂಗ್ 688ರಲ್ಲಿ ಮುಗಿಸಿದ ಅವನ ಜೀವನಚರಿತೆಯು ವಾದವಾಗಿ ನಿರೂಪಿಸುತ್ತದೆ. ಬುದ್ಧನ ಜನ್ಮಭೂಮಿಯನ್ನು ಬಿಡಬಾರದೆಂದು ಅಲ್ಲಿಯ ಭಿಕ್ಷುಗಳು ತಡೆಯುತ್ತಾರೆ. ಧರ್ಮವು ಎಲ್ಲೆಡೆ ಹರಡಬೇಕೆಂದು ಅವನು ಉತ್ತರಿಸುತ್ತಾನೆ. ಗುರು ಶೀಲಭದ್ರನು ಸಮ್ಮತಿಸುತ್ತಾನೆ. ಇಲ್ಲಿ ತತ್ತ್ವವೇ ಪ್ರಧಾನ. ಸ್ನೇಹವು ಹಿನ್ನೆಲೆಗೆ ಸರಿದಿದೆ. ಆದುದರಿಂದ ಪ್ರಸಂಗವನ್ನು ನೀರಸವೆಂದು ಬದಿಗಿಡುವುದು ಸುಲಭ. ಆದರೆ ಅದೇ ಗ್ರಂಥದಲ್ಲಿರುವ, 654ರಲ್ಲಿ ನಾಲಂದೆಯ ಜ್ಞಾನಪ್ರಭನಿಗೆ ಬರೆದ ಪತ್ರದೊಡನೆ ಇದನ್ನು ಓದಬೇಕು. ಗುರುವಿನ ಮರಣಕ್ಕೆ ಶೋಕಿಸಿದ ಬಳಿಕ ಅವನು, ಸಿಂಧೂನದಿಯನ್ನು ದಾಟುವಾಗ ಕಳೆದುಹೋದ ಗ್ರಂಥಗಳ ಪಟ್ಟಿಯನ್ನಿತ್ತು, ಅವನ್ನು ಕಳುಹಿಸಿಕೊಡಬೇಕೆಂದು ಕೋರುತ್ತಾನೆ. ತಾಯ್ನಾಡನ್ನು ಸೇರಿ ಒಂಬತ್ತು ವರ್ಷಗಳಾದ ಮೇಲೂ ಹೀಗೆ ಕೇಳಬಲ್ಲ ಸಲುಗೆಯೇ ಆ ಸ್ನೇಹಕ್ಕೆ ಪ್ರಮಾಣ. ವಿದಾಯದ ಭಾವವನ್ನು ಕಣ್ಣೀರಿನಲ್ಲಷ್ಟೇ ಅರಸುವ ನಮ್ಮ ವಿಮರ್ಶೆಯು ಇಂತಹ ಪಟ್ಟಿಗಳನ್ನೂ ಓದಬೇಕಾಗಿದೆ.