‘ಇದೆ’ ಎಂದರೆ ಸಾಕೇ? – ಲಿಕ್ಸ್ ತಂತ್ರಾಂಶದ ಪ್ಯಾಕೇಜ್ ಪತ್ತೆ ವ್ಯವಸ್ಥೆ: ಒಂದು ವಿಮರ್ಶೆ

ರಸಾಯನಶಾಸ್ತ್ರ ಪ್ರಯೋಗಾಲಯದ ದಾಸ್ತಾನು ಪುಸ್ತಕದಲ್ಲಿ ‘ಸಿಲ್ವರ್ ನೈಟ್ರೇಟ್ – ಇದೆ’ ಎಂದು ಬರೆದಿರುತ್ತದೆ. ಕಪಾಟು ತೆರೆದರೆ ಸೀಸೆಯೂ ಇರುತ್ತದೆ. ಬೆಳಕಿಗೆ ಸಿಕ್ಕಿ ದ್ರಾವಣ ಕೆಟ್ಟಿದೆ ಎಂಬುದು ತಿಳಿಯುವುದು ಮಾತ್ರ ವಿದ್ಯಾರ್ಥಿಗಳು ಕ್ಲೋರೈಡ್ ಪರೀಕ್ಷೆಗೆ ಸಾಲಾಗಿ ನಿಂತ ಮೇಲೆ. ದಾಸ್ತಾನು ಪುಸ್ತಕ ಸುಳ್ಳು ಹೇಳಿಲ್ಲ. ನಾವು ಅದನ್ನು ಕೇಳಿದ ಪ್ರಶ್ನೆ ಬೇರೆ, ಅದು ಉತ್ತರಿಸಿದ ಪ್ರಶ್ನೆ ಬೇರೆ.

ವೈಜ್ಞಾನಿಕ ಬರಹಗಳ ಅಕ್ಷರಜೋಡಣೆಗೆ ಬಳಸುವ ಲಿಕ್ಸ್ ತಂತ್ರಾಂಶವು ಗಣಕದಲ್ಲಿರುವ ಪ್ಯಾಕೇಜ್‌ಗಳನ್ನು ತಾನಾಗಿಯೇ ಗುರುತಿಸುವ ವಿಧಾನದಲ್ಲೂ ಇಂಥದೇ ಒಂದು ಅಂತರವಿದೆ. ಪ್ರಶ್ನೆಪತ್ರಿಕೆ, ಪ್ರಬಂಧ, ಪ್ರಯೋಗ ಕೈಪಿಡಿಗಳನ್ನು ಲೇಟೆಕ್‌ನಲ್ಲಿ ಸಿದ್ಧಪಡಿಸುವ ಶಿಕ್ಷಕರೂ ವಿದ್ಯಾರ್ಥಿಗಳೂ ಈ ಅಂತರವನ್ನು ತಿಳಿದಿರುವುದು ಒಳ್ಳೆಯದು.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಡೊನಾಲ್ಡ್ ಕ್ನೂತ್ 1970ರ ದಶಕದ ಕೊನೆಯಲ್ಲಿ ಟೆಕ್ ಅನ್ನು ರೂಪಿಸಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಲೇಟೆಕ್ ಕಟ್ಟಿದರು. ಲೇಟೆಕ್‌ನ ಆಜ್ಞೆಗಳನ್ನು ನೆನಪಿಟ್ಟು ಬರೆಯುವ ಶ್ರಮವನ್ನು ತಪ್ಪಿಸಲು, ಮೆನು ಮತ್ತು ಗುಂಡಿಗಳಿರುವ ಲಿಕ್ಸ್ ಅನ್ನು ಮಥಿಯಾಸ್ ಎಟ್ರಿಚ್ 1995ರಲ್ಲಿ ಆರಂಭಿಸಿದರು. ಲೇಟೆಕ್‌ನ ಬಲವಿರುವುದು ಅದರ ಪ್ಯಾಕೇಜ್‌ಗಳಲ್ಲಿ. ಸಿಟಿಎಎನ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಅವು 6000ಕ್ಕೂ ಹೆಚ್ಚು ಇವೆ. ಎಲ್ಲರ ಗಣಕದಲ್ಲೂ ಎಲ್ಲವೂ ಇರುವುದಿಲ್ಲ. ಆದ್ದರಿಂದ ಬಳಕೆದಾರನ ಮುಂದೆ ಮೆನುವನ್ನು ಇಡುವ ಮೊದಲು, ಆ ಗಣಕದಲ್ಲಿ ಏನೇನಿದೆ ಎಂಬುದನ್ನು ಲಿಕ್ಸ್ ಅರಿಯಲೇಬೇಕು.

ಅದು ಅರಿಯುವ ಬಗೆ ಸರಳವಾಗಿದೆ, ಒಂದು ಮಟ್ಟಿಗೆ ಸೊಗಸಾಗಿಯೂ ಇದೆ. ‘ಟೂಲ್ಸ್’ ಮೆನುವಿನ ‘ರೀಕಾನ್ಫಿಗರ್’ ಒತ್ತಿದಾಗ ಪೈಥಾನ್ ಭಾಷೆಯ ಒಂದು ಕಾರ್ಯಕ್ರಮ ಓಡುತ್ತದೆ. ಅದು ಹೆಸರುಗಳ ದೊಡ್ಡ ಪಟ್ಟಿಯೊಂದನ್ನು ಲೇಟೆಕ್‌ಗೇ ಕೊಟ್ಟು, ಈ ಹೆಸರಿನ ಕಡತ ನಿನಗೆ ಸಿಗುತ್ತದೆಯೇ ಎಂದು ಒಂದೊಂದಾಗಿ ಕೇಳಿಸುತ್ತದೆ. ಬಂದ ಉತ್ತರಗಳನ್ನು ಬರೆದಿಟ್ಟುಕೊಳ್ಳುತ್ತದೆ. ದಾಖಲೆಯ ಪ್ರತಿಯೊಂದು ವಿನ್ಯಾಸ ಕಡತದ ಮೊದಲ ಸಾಲುಗಳಲ್ಲೇ ತನಗೆ ಬೇಕಾದ ಕಡತಗಳ ಹೆಸರಿರುತ್ತದೆ. ಅವು ಸಿಗದಿದ್ದರೆ ಆ ವಿನ್ಯಾಸವು ಪಟ್ಟಿಯಲ್ಲಿ ‘ಲಭ್ಯವಿಲ್ಲ’ ಎಂಬ ಸೂಚನೆಯೊಂದಿಗೆ ಕಾಣಿಸಿಕೊಳ್ಳುತ್ತದೆ. ಅದನ್ನು ಪಟ್ಟಿಯಿಂದಲೇ ತೆಗೆದುಹಾಕದೆ ಸೂಚನೆಯೊಂದಿಗೆ ಉಳಿಸಿರುವುದು ಮೆಚ್ಚತಕ್ಕ ವಿಷಯ. ಇನ್ನೊಬ್ಬರು ಕಳುಹಿಸಿದ ದಾಖಲೆಯನ್ನು ಕೊನೆಯ ಪಕ್ಷ ತೆರೆದು ಓದಬಹುದು, ತಿದ್ದಬಹುದು.

ಗಣಕದ ಕಡತಕೋಶಗಳನ್ನು ತಾನೇ ಜಾಲಾಡದೆ ಲೇಟೆಕ್‌ನಿಂದಲೇ ಉತ್ತರ ಪಡೆಯುವುದೂ ಸರಿಯಾದ ನಿರ್ಧಾರ. ಎಲ್ಲಿ ಹುಡುಕಬೇಕು, ಯಾವುದನ್ನು ಮೊದಲು ನೋಡಬೇಕು ಎಂಬ ನಿಯಮಗಳು ಬಲ್ಲದ್ದು ಅದು. ಲಿಕ್ಸ್ ಬೇರೊಂದು ದಾರಿಯಲ್ಲಿ ಹುಡುಕಿದ್ದರೆ ಎರಡರ ಉತ್ತರಗಳು ಒಂದಲ್ಲ ಒಂದು ದಿನ ಬೇರೆಬೇರೆಯಾಗುತ್ತಿದ್ದವು.

ತೊಂದರೆ ಇರುವುದು ಪ್ರಶ್ನೆಯಲ್ಲೇ. ಕ್ನೂತ್ ಬರೆದ ಮೂಲ ಟೆಕ್‌ನಲ್ಲಿ ‘ಈ ಕಡತ ಇದೆಯೇ’ ಎಂದು ಕೇಳುವ ನೇರ ಆಜ್ಞೆ ಇಲ್ಲ. ಕಡತವನ್ನು ಓದಲು ತೆರೆಯುವುದು, ತೆರೆಯಿತೋ ಇಲ್ಲವೋ ನೋಡುವುದು – ಲೇಟೆಕ್‌ನ ‘ಇಫ್‌ಫೈಲ್‌ಎಕ್ಸಿಸ್ಟ್ಸ್’ ಆಜ್ಞೆ ಮಾಡುವುದು ಇಷ್ಟೇ. ಒಳಗೆ ಏನಿದೆ ಎಂದು ಅದು ನೋಡುವುದಿಲ್ಲ. ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಯಾವ ಪ್ಯಾಕೇಜ್‌ಗೂ ಇಲ್ಲದ ಒಂದು ಹೆಸರನ್ನು ಆರಿಸಿ, ಆ ಹೆಸರಿನ ಮುಂದೆ ಪ್ಯಾಕೇಜ್‌ಗಳಿಗಿರುವ ಎಸ್‌ಟಿವೈ ಎಂಬ ಬಾಲಂಗೋಚಿ ಸೇರಿಸಿ, ಒಂದಕ್ಷರವೂ ಇಲ್ಲದ ಖಾಲಿ ಕಡತವನ್ನು ನಿಮ್ಮ ದಾಖಲೆಯ ಪಕ್ಕದಲ್ಲೇ ಉಳಿಸಿ. ‘ಯೂಸ್‌ಪ್ಯಾಕೇಜ್’ ಆಜ್ಞೆಯಲ್ಲಿ ಆ ಹೆಸರು ಕೊಡಿ. ಲೇಟೆಕ್ ತಕರಾರಿಲ್ಲದೆ ಮುಂದೆ ಹೋಗುತ್ತದೆ. ಕಡತ ಇದೆಯೇ ಎಂಬ ಪ್ರಶ್ನೆಗೂ ‘ಇದೆ’ ಎಂಬ ಉತ್ತರವೇ ಬರುತ್ತದೆ.

ಖಾಲಿ ಕಡತವನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಕೇಳಬಹುದು. ನಿಜ. ಆದರೆ ಹಳೆಯ ಕಡತಗಳು ಎಲ್ಲೆಡೆ ಇವೆ. ನನಗೇ ಆದ ಒಂದು ಅನುಭವ ಹೇಳುತ್ತೇನೆ. ಮಾನಗಳನ್ನು ಶುದ್ಧವಾಗಿ ಅಚ್ಚಿಸಲು ಎಸ್‌ಐಯೂನಿಟ್‌ಎಕ್ಸ್ ಎಂಬ ಪ್ಯಾಕೇಜ್ ಇದೆ. ಭೌತಶಾಸ್ತ್ರದ ಅಧ್ಯಾಪಕರಿಗೆ ಇದು ವರದಾನವೇ ಸರಿ. 2021ರಲ್ಲಿ ಬಂದ ಇದರ 3ನೆಯ ಆವೃತ್ತಿಯಲ್ಲಿ ಸಂಖ್ಯೆ ಮತ್ತು ಮಾನವನ್ನು ಒಟ್ಟಿಗೆ ಬರೆಯಲು ‘ಕ್ಯೂಟಿವೈ’ ಎಂಬ ಹೊಸ ಆಜ್ಞೆ ಸೇರಿತು. ಮನೆಯ ಗಣಕದಲ್ಲಿ ಈ ಆಜ್ಞೆ ಬಳಸಿ ಪ್ರಶ್ನೆಪತ್ರಿಕೆ ಸಿದ್ಧಪಡಿಸಿದೆ. ಕಾಲೇಜಿನ ಗಣಕದಲ್ಲಿದ್ದದ್ದು ಟೆಕ್ ಲೈವ್ 2019. ಅಲ್ಲಿ ಪ್ಯಾಕೇಜ್ ಇತ್ತು, ಆಜ್ಞೆ ಇರಲಿಲ್ಲ. ಮುದ್ರಣಕ್ಕೆ ಕೊಡಬೇಕಾದ ಬೆಳಿಗ್ಗೆ ಪ್ರತಿಯೊಂದು ಮಾನದ ಮುಂದೆಯೂ ದೋಷಸೂಚನೆ. ಹಳೆಯ ‘ಎಸ್‌ಐ’ ಆಜ್ಞೆಯನ್ನು ಹೊಸ ಆವೃತ್ತಿಯೂ ಒಪ್ಪಿಕೊಳ್ಳುತ್ತದೆ ಎಂಬುದು ನೆನಪಾಗಿ, ಎಲ್ಲವನ್ನೂ ಹಿಂದಕ್ಕೆ ಬದಲಿಸಿ ಪಾರಾದೆ. ಇಲ್ಲಿ ಕಡತದ ಇರುವಿಕೆಯನ್ನು ಎಷ್ಟು ಸಲ ಕೇಳಿದರೂ ಎರಡೂ ಗಣಕಗಳು ‘ಇದೆ’ ಎಂದೇ ಹೇಳುತ್ತಿದ್ದವು.

ಆವೃತ್ತಿಯ ದಿನಾಂಕವನ್ನು ನಮೂದಿಸುವ ಸೌಲಭ್ಯ ಲೇಟೆಕ್‌ನಲ್ಲಿ ಇದೆ. ‘ಯೂಸ್‌ಪ್ಯಾಕೇಜ್’ ಸಾಲಿನ ಕೊನೆಯಲ್ಲಿ ದಿನಾಂಕ ಬರೆದರೆ, ಅದಕ್ಕಿಂತ ಹಳೆಯ ಪ್ರತಿ ಸಿಕ್ಕಾಗ ಎಚ್ಚರಿಕೆ ಬರುತ್ತದೆ. ಆದರೆ ಎಚ್ಚರಿಕೆ ಮಾತ್ರ, ಕೆಲಸ ನಿಲ್ಲುವುದಿಲ್ಲ. ನೂರಾರು ಸಾಲುಗಳ ವರದಿಯಲ್ಲಿ ಅದು ಕಣ್ಣಿಗೆ ಬೀಳುವುದು ಅಪರೂಪ. ಇನ್ನೊಂದು ಮಾತು: ಲಿಕ್ಸ್ ದಾಖಲೆಯ ಪೀಠಿಕೆಯಲ್ಲಿ ನಾವೇ ಕೈಯಾರೆ ಬರೆದ ಆಜ್ಞೆಗಳನ್ನು ಲಿಕ್ಸ್ ಓದಿ ಅರ್ಥಮಾಡಿಕೊಳ್ಳುವುದೇ ಇಲ್ಲ. ಅಲ್ಲಿ ಕರೆದ ಪ್ಯಾಕೇಜ್ ಇರಲಿ, ಇಲ್ಲದಿರಲಿ, ಅಚ್ಚಿಗೆ ಹೋಗುವವರೆಗೆ ಅದು ಮೌನವಾಗಿರುತ್ತದೆ. ನನ್ನ ಪ್ರಶ್ನೆಪತ್ರಿಕೆಯಲ್ಲಿ ಆದದ್ದೂ ಅದೇ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ಕಡತ ಇದ್ದರೂ ‘ಇಲ್ಲ’ ಎನ್ನುವುದು. ಟೆಕ್ ಲೈವ್‌ನಲ್ಲಿ ಹುಡುಕಾಟ ಬೇಗ ಮುಗಿಯಲೆಂದು ಕಡತಗಳ ಹೆಸರುಗಳ ಸೂಚಿಯೊಂದನ್ನು ಇಟ್ಟಿರುತ್ತಾರೆ. ಪ್ಯಾಕೇಜ್ ಒಂದನ್ನು ಮುಖ್ಯ ಕಡತಕೋಶಕ್ಕೆ ಕೈಯಾರೆ ನಕಲು ಮಾಡಿ, ‘ಟೆಕ್ಸ್‌ಹ್ಯಾಶ್’ ಆಜ್ಞೆಯಿಂದ ಸೂಚಿಯನ್ನು ನವೀಕರಿಸಲು ಮರೆತರೆ, ಕಣ್ಣೆದುರಿನ ಕಡತ ಲೇಟೆಕ್‌ಗೆ ಕಾಣುವುದಿಲ್ಲ. ಸೂಚಿ ಸರಿಪಡಿಸಿದರೂ ಲಿಕ್ಸ್‌ಗೆ ಸುದ್ದಿ ತಲುಪುವುದಿಲ್ಲ. ಅದು ತನ್ನ ಹಿಂದಿನ ಪಟ್ಟಿಯನ್ನೇ ನಂಬಿಕೊಂಡಿರುತ್ತದೆ. ಮತ್ತೆ ‘ರೀಕಾನ್ಫಿಗರ್’ ಮಾಡಿ, ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ವಿಂಡೋಸ್‌ನಲ್ಲಿ ಬಳಸುವ ಮಿಕ್‌ಟೆಕ್ ಜೊತೆ ಸೇರಿದಾಗ ಕಥೆ ಇನ್ನೂ ವಿಚಿತ್ರ. ಬೇಕಾದ ಪ್ಯಾಕೇಜ್ ಇಲ್ಲದಿದ್ದರೆ ಆ ಕ್ಷಣವೇ ಅಂತರಜಾಲದಿಂದ ತಂದುಕೊಳ್ಳುವ ಸೌಲಭ್ಯ ಮಿಕ್‌ಟೆಕ್‌ಗಿದೆ. ಕಡತವನ್ನು ‘ತೆರೆಯಲು ಯತ್ನಿಸುವುದು’ ಮತ್ತು ‘ಇದೆಯೇ ಎಂದು ಕೇಳುವುದು’ ಟೆಕ್‌ನಲ್ಲಿ ಒಂದೇ ಕ್ರಿಯೆ ಎಂದು ಮೇಲೆ ನೋಡಿದೆವಷ್ಟೆ. ಹೀಗಾಗಿ ಲಿಕ್ಸ್ ಪಟ್ಟಿ ಓದುತ್ತಾ ‘ಇದೆಯೇ?’ ಎಂದು ಕೇಳಿದಂತೆಲ್ಲ ಮಿಕ್‌ಟೆಕ್ ಅದನ್ನು ಬೇಡಿಕೆ ಎಂದು ತಿಳಿದು ತರಲು ಓಡುತ್ತದೆ. ಗಣತಿಗೆ ಬಂದವರು ಹೆಸರು ಕೇಳಿದ ಮಾತ್ರಕ್ಕೆ ಮನೆಯಲ್ಲಿ ಜನ ಹೆಚ್ಚಿದಂತೆ! ವೇಗದ ಸಂಪರ್ಕ ಇರುವವರಿಗೆ ಇದು ಕೆಲವು ನಿಮಿಷಗಳ ಕಾಯುವಿಕೆ. ನಿಧಾನವಾದ ಸಂಪರ್ಕವಿರುವ ಶಾಲೆಯಲ್ಲಿ ಮೊದಲ ಪಾಠವೇ ನಿಂತುಹೋದೀತು. ಇಂಥ ಕಡೆ ಮಿಕ್‌ಟೆಕ್‌ನ ಆಯ್ಕೆಗಳಲ್ಲಿ ತಾನಾಗಿ ತರುವುದನ್ನು ಮೊದಲೇ ನಿಲ್ಲಿಸಿಡುವುದು ಲೇಸು.

ಕನ್ನಡದ ದಾಖಲೆಗಳಿಗೆ ಬಂದರೆ ‘ಇದೆ’ ಎಂಬ ಉತ್ತರದ ಬೆಲೆ ಮತ್ತಷ್ಟು ಕಡಿಮೆ. ಯೂನಿಕೋಡ್ ಕನ್ನಡಕ್ಕೆ ಜೀಲೇಟೆಕ್ ಅಥವಾ ಲುವಾಲೇಟೆಕ್ ಬೇಕು, ಫಾಂಟ್‌ಸ್ಪೆಕ್ ಪ್ಯಾಕೇಜ್ ಬೇಕು, ಗಣಕದಲ್ಲಿ ಕನ್ನಡ ಫಾಂಟ್ ಬೇಕು. ಈ ಮೂರೂ ಇದ್ದರೂ, ಫಾಂಟ್ ಆರಿಸುವಾಗ ಲಿಪಿ ಕನ್ನಡ ಎಂದು ತಿಳಿಸದಿದ್ದರೆ ಜೀಲೇಟೆಕ್‌ನಲ್ಲಿ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಲುವಾಲೇಟೆಕ್‌ನಲ್ಲಿ ಕನ್ನಡ ಸರಿಯಾಗಿ ಮೂಡಲು ಹಾರ್ಫ್‌ಬಜ್ ಎಂಬ ಅಕ್ಷರ ಜೋಡಕದ ನೆರವು ಬೇಕು. ಅದು ಟೆಕ್ ಲೈವ್ 2020ರಿಂದ ಲುವಾಲೇಟೆಕ್‌ನ ಒಳಗೇ ಸೇರಿದೆ, ಆದರೂ ಅದನ್ನೇ ಬಳಸು ಎಂದು ನಾವು ಹೇಳಬೇಕು. ಫಾಂಟ್‌ನಲ್ಲಿ ಒಂದು ಅಕ್ಷರವೇ ಇಲ್ಲದಿದ್ದರೂ ಟೆಕ್ ನಿಲ್ಲುವುದಿಲ್ಲ, ವರದಿಯಲ್ಲಿ ಒಂದು ಸಾಲು ಬರೆದು ಮುಂದೆ ಸಾಗುತ್ತದೆ. ದೋಷಸೂಚನೆ ಇಲ್ಲ, ಪಿಡಿಎಫ್ ಸಿದ್ಧ, ಆದರೆ ಓದಲಾಗದು. ಕಡತದ ಹೆಸರು ಹುಡುಕುವ ಯಾವ ವಿಧಾನವೂ ಇದನ್ನು ಹಿಡಿಯಲಾರದು.

ಹಾಗಾದರೆ ಪ್ರತಿಯೊಂದು ಪ್ಯಾಕೇಜನ್ನೂ ನಿಜವಾಗಿ ಓಡಿಸಿಯೇ ನೋಡಬಾರದೇ? ಯುನಿಕ್ಸ್ ಲೋಕದ ಆಟೋಕಾನ್ಫ್ ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದೆ. ಒಂದು ಸೌಲಭ್ಯ ಇದೆಯೇ ಎಂದು ತಿಳಿಯಲು ಅದನ್ನು ಬಳಸುವ ಪುಟ್ಟ ಕಾರ್ಯಕ್ರಮ ಬರೆದು, ಕಂಪೈಲ್ ಆಗುತ್ತದೆಯೇ ಎಂದು ಅದು ನೋಡುತ್ತದೆ. ಲಿಕ್ಸ್ ಹಾಗೆ ಮಾಡದಿರುವುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕೆಲವು ಪ್ಯಾಕೇಜ್‌ಗಳು ಒಂದರ ಜೊತೆ ಇನ್ನೊಂದು ಹೊಂದುವುದಿಲ್ಲ, ಆದ್ದರಿಂದ ಎಲ್ಲವನ್ನೂ ಒಂದೇ ಓಟದಲ್ಲಿ ಕರೆಯಲಾಗದು. ಒಂದೊಂದಕ್ಕೂ ಪ್ರತ್ಯೇಕ ಓಟವಾದರೆ ಸಮಯ ಹಿಡಿಯುತ್ತದೆ. ಕಡತದ ಹೆಸರು ಕೇಳುವುದಾದರೆ ಇಡೀ ಪಟ್ಟಿ ಒಂದೇ ಓಟದಲ್ಲಿ ಮುಗಿಯುತ್ತದೆ. ಇದು ಒಪ್ಪತಕ್ಕ ಸಮಜಾಯಿಷಿ. ಆದರೆ ಎಲ್ಲವನ್ನೂ ಪರೀಕ್ಷಿಸಬೇಕಿಲ್ಲ. ಈಗ ತೆರೆದಿರುವ ದಾಖಲೆಗೆ ಬೇಕಾದ ಹತ್ತಿಪ್ಪತ್ತು ಪ್ಯಾಕೇಜ್‌ಗಳನ್ನು ಮಾತ್ರ, ಬಳಕೆದಾರ ಕೇಳಿದಾಗ, ಪುಟ್ಟ ಮಾದರಿಯೊಂದರಲ್ಲಿ ಓಡಿಸಿ ನೋಡುವ ಗುಂಡಿಯೊಂದಿದ್ದರೆ ಸಾಕಿತ್ತು. ಲಿಕ್ಸ್‌ನ ಸಹಾಯ ಮೆನುವಿನಲ್ಲಿರುವ ಲೇಟೆಕ್ ವಿವರ ಪುಟವಂತೂ ‘ಸಿಕ್ಕಿದೆ’ ಎಂಬ ಪ್ರಾಮಾಣಿಕ ಪದವನ್ನೇ ಬಳಸುತ್ತದೆ. ವಿನ್ಯಾಸಗಳ ಪಟ್ಟಿಯಲ್ಲಿ ಮಾತ್ರ, ‘ಲಭ್ಯವಿಲ್ಲ’ ಎಂಬ ಗುರುತು ಇಲ್ಲದ್ದೆಲ್ಲ ಕೆಲಸ ಮಾಡುತ್ತದೆ ಎಂಬ ಭಾವನೆ ಹುಟ್ಟುತ್ತದೆ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಲೇಟೆಕ್‌ನಲ್ಲೇ ಇದೆ. ದಾಖಲೆಯ ಪೀಠಿಕೆಯಲ್ಲಿ ‘ಲಿಸ್ಟ್‌ಫೈಲ್ಸ್’ ಎಂಬ ಆಜ್ಞೆ ಸೇರಿಸಿದರೆ, ಬಳಸಿದ ಪ್ಯಾಕೇಜ್‌ಗಳ ಹೆಸರು, ದಿನಾಂಕ, ಆವೃತ್ತಿಗಳ ಪಟ್ಟಿ ವರದಿಯ ಕೊನೆಯಲ್ಲಿ ಬರುತ್ತದೆ. ಟೆಕ್ ಲೈವ್‌ನಲ್ಲಿ ‘ರೆಕಾರ್ಡರ್’ ಆಯ್ಕೆಯೊಂದಿಗೆ ಓಡಿಸಿದರೆ, ನಿಜವಾಗಿ ತೆರೆದ ಪ್ರತಿಯೊಂದು ಕಡತದ ವಿಳಾಸವೂ ಪ್ರತ್ಯೇಕ ಕಡತದಲ್ಲಿ ದಾಖಲಾಗುತ್ತದೆ. ಇವು ಇರುವ ಸೀಸೆಗಳ ಪಟ್ಟಿಯಲ್ಲ, ಪ್ರಯೋಗದಲ್ಲಿ ಬಳಸಿದ ರಾಸಾಯನಿಕಗಳ ಪಟ್ಟಿ. ಪ್ರಶ್ನೆಪತ್ರಿಕೆಯನ್ನು ಬೇರೆ ಗಣಕಕ್ಕೆ ಒಯ್ಯುವಾಗ ನಾನೀಗ ಆ ಪಟ್ಟಿಯನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ, ಜೊತೆಗೆ ಹಿಂದಿನ ರಾತ್ರಿಯೇ ತಯಾರಿಸಿದ ಪಿಡಿಎಫ್ ಪ್ರತಿಯನ್ನೂ.