ಗೊಡ್ಡು ಎನ್ನುವ ಮುನ್ನ

ಮೊನ್ನೆ ಪರಿಚಯದ ರೈತರೊಬ್ಬರು ಎರಡು ಒಳ್ಳೆಯ ಹೆಣ್ಣುಹಂದಿಗಳನ್ನು ಕಟುಕರಿಗೆ ಕೊಡಲು ಹೊರಟಿದ್ದರು. ‘ಮೇ ತಿಂಗಳಲ್ಲಿ ಕೊಡಿಸಿದ್ದು ನಿಲ್ಲಲೇ ಇಲ್ಲ ಸಾರ್, ಗೊಡ್ಡು’ ಎಂದರು. ‘ಏಪ್ರಿಲ್‌ನಲ್ಲಿ ನಿಮ್ಮ ಗಂಡುಹಂದಿ ಎಲ್ಲಿತ್ತು?’ ಎಂದು ಕೇಳಿದೆ. ತಗ್ಗಾದ ತಗಡಿನ ಮಾಡಿನ ಕಡೆ ಕೈ ತೋರಿಸಿದರು.

ಹಂದಿ ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲಾರದು; ಮೈ ಕಾದರೆ ಗಂಡಿನ ವೀರ್ಯ ಕೆಡುತ್ತದೆ. ವೀರ್ಯಾಣು ಹುಟ್ಟಿ, ಬಲಿತು, ಹೊರಬರಲು ಆರೇಳು ವಾರ ಬೇಕು. ಏಪ್ರಿಲ್ ಧಗೆಯಲ್ಲಿ ಕೆಟ್ಟದ್ದರ ಫಲ ಮೇನಲ್ಲಿ ಕಾಣುತ್ತದೆ. ಅಷ್ಟರಲ್ಲಿ ಗಂಡು ಚೇತರಿಸಿಕೊಂಡು ಚೆನ್ನಾಗಿ ತಿನ್ನುತ್ತಿರುತ್ತದೆ, ಹುರುಪಿನಿಂದ ಏರುತ್ತದೆ. ನೋಡಿದವರು ಅದನ್ನು ಅನುಮಾನಿಸುವುದಿಲ್ಲ. ಒಂದೆರಡು ದಿನದ ಜ್ವರ ಬಂದು ಹೋದರೂ ಇದೇ ಕಥೆ.

ಬೆದೆ ಮರಳಿದ ದಿನವೇ ಸಾಕ್ಷಿ ಹೇಳುತ್ತದೆ. 18ರಿಂದ 24 ದಿನದೊಳಗೆ ಮರಳಿದರೆ ಗಬ್ಬ ಕಟ್ಟಲೇ ಇಲ್ಲ, ಅಥವಾ ಮೊದಲ ದಿನಗಳಲ್ಲೇ ಹೋಯಿತು. 25 ದಾಟಿ 38ರೊಳಗೆ ಮರಳಿದರೆ ಕಟ್ಟಿದ್ದು ಕರಗಿದೆ. ಹನ್ನೆರಡನೆಯ ದಿನದ ಸುಮಾರಿಗೆ ಗರ್ಭಕೋಶದಲ್ಲಿ ಕನಿಷ್ಠ ನಾಲ್ಕು ಭ್ರೂಣಗಳಾದರೂ ಇರಬೇಕು. ಇಲ್ಲದಿದ್ದರೆ ಹಂದಿಯ ಒಡಲು ಆ ಗಬ್ಬವನ್ನು ಉಳಿಸಿಕೊಳ್ಳುವುದಿಲ್ಲ. ಬೀಜ ಸೊರಗಿದರೆ ಆ ನಾಲ್ಕೂ ಸಿಗುವುದು ಕಷ್ಟ. ಆ ಎರಡೂ ಹಂದಿಗಳು ಸರಿಯಾಗಿ 21ಕ್ಕೆ ಮರಳಿದ್ದವು, ಎರಡಕ್ಕೂ ಒಂದೇ ಗಂಡು.

ಏನೇ ಆದರೂ ಹೆಣ್ಣಿಗೆ ಹಾರ್ಮೋನ್ ಸೂಜಿ ಎನ್ನುವವರೊಂದಿಗೆ ನನ್ನ ಜಗಳ ಹಳೆಯದು. ಬೆನ್ನ ಮೇಲೆ ಕೈಯೂರಿದಾಗ ಕಿವಿ ನಿಮಿರಿಸಿ ಅಲ್ಲಾಡದೆ ನಿಲ್ಲುವ ಹಂದಿಗೆ ಸೂಜಿ ಏಕೆ? ಅದು ತನ್ನ ಕೆಲಸ ಮಾಡಿದೆ. ಮೊದಲು ಗಂಡಿನ ವೀರ್ಯವನ್ನು ಸೂಕ್ಷ್ಮದರ್ಶಕದಡಿ ನೋಡಿಸಿ. ಅಲ್ಲಿ ದೋಷ ಕಾಣದಿದ್ದರೆ ಆಗ ಹೆಣ್ಣಿನ ರಕ್ತ ತೆಗೆಸಿ ಲೆಪ್ಟೊಸ್ಪೈರೋಸಿಸ್, ಪಾರ್ವೊ, ಬ್ರುಸೆಲ್ಲಾಗಳನ್ನು ಹುಡುಕೋಣ.

ಆ ರೈತರು ಹಂದಿಗಳನ್ನು ಉಳಿಸಿಕೊಂಡರು. ಜೂನ್ 10ರಂದು ಬೇರೆ ಗಂಡಿನ ವೀರ್ಯ ತರಿಸಿ ಎರಡಕ್ಕೂ ಕೊಡಿಸಿದೆವು. ಅದನ್ನು ಫ್ರಿಜ್ಜಿನಲ್ಲಿಡದೆ 17 ಡಿಗ್ರಿಯಲ್ಲೇ ತಂದಿದ್ದರು. ಗಂಡಿನ ಕೋಣೆಗೆ ಸೋಗೆಯ ಚಪ್ಪರ ಬಂತು, ನೀರು ಚಿಮುಕಿಸುವ ಕೊಳವೆಯೂ ಬಂತು.

ಗೋಡೆಯ ಮೇಲೆ ಅವರು ಬರೆದ ಲೆಕ್ಕ ಹೆಣ್ಣುಗಳದ್ದು ಮಾತ್ರ: ಜುಲೈ 1 ಬೆದೆ ನೋಡಬೇಕು, 114 ದಿನಕ್ಕೆ ಅಕ್ಟೋಬರ್ 2 ಈಯಬೇಕು. ಪಕ್ಕದಲ್ಲೇ ಗಂಡಿಗೂ ಒಂದು ಸಾಲು ಎಳೆಸಿದೆ. ಅದು ಏದುಸಿರು ಬಿಟ್ಟ ದಿನ, ಮೇವು ಬಿಟ್ಟ ದಿನ ಅಲ್ಲಿ ಬರೆಯಬೇಕು. ನಿಮ್ಮ ಗೋಡೆಯಲ್ಲೂ ಆ ಸಾಲು ಇರಲಿ.